ಎಡಕ್ಕೊಮ್ಮೆ, ಬಲಕ್ಕೊಮ್ಮೆ

“ಬಲಗಡಿ ಆತು. ಇನ್ನೊಂದು ಚೊಂಬು ಎಡಗಡಿ ಹೆಗಲಿನ ಮ್ಯಾಲ ಬಿಡು. ಅವಸರ ಮಾಡಬ್ಯಾಡ” ಎಂದರು ಬಾಬುಸಾಬ್.

ಮುಕ್ತಿಯಾರ್ ಬಗ್ಗಿ ನೀರು ಮೊಗೆದುಕೊಂಡ. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿ ಆರಿಸಿದ ನೀರು. ಅದರ ಒಗರು ವಾಸನೆ ಹಿತ್ತಲನ್ನೆಲ್ಲ ತುಂಬಿತ್ತು. ಗೋಡೆಯಿಂದ ಗೋಡೆಗೆ ಹಗ್ಗ ಎಳೆದು, ಎರಡು ಚಾದರ ಇಳಿಬಿಟ್ಟು ಮರೆ ಮಾಡಿದ್ದರು. ಮರೆಯೊಳಗೆ ಹಲಗೆಯ ಮೇಲೆ ಅವನ ತಂದೆ ಮಹಮ್ಮದಸಾಬರು ಮಲಗಿದ್ದರು. ನಿನ್ನೆ ಸಂಜೆ ತಮ್ಮ ಬೈಕು ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಕುಸಿದವರು, ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಹೋಗಿಬಿಟ್ಟಿದ್ದರು.

ಮುಕ್ತಿಯಾರನ ಕಣ್ಣುಗಳು ಉರಿಯುತ್ತಿದ್ದವು, ಅಳು ಮಾತ್ರ ಬರುತ್ತಿರಲಿಲ್ಲ. ದುಃಖ ಬರುವುದಕ್ಕೆ ಮೊದಲೇ ದಣಿವು ಬಂದು ಜಾಗ ಹಿಡಿದು ಕೂತಿತ್ತು. ಫೋನು ಮಾಡುವುದು, ಫೋನು ಎತ್ತುವುದು, ಕಫನ್ ಬಟ್ಟೆ ತರುವುದು, ಗೋರಿ ತೋಡುವವರಿಗೆ ಜಾಗ ತೋರಿಸುವುದು. ಸಾವಿನ ಮನೆಯಲ್ಲಿ ಸತ್ತವರೊಬ್ಬರಿಗೇ ಬಿಡುವು.

ಬಾಬುಸಾಬ್ ದರ್ಜಿ. ಮಸ್ಕಿ ರಸ್ತೆಯಲ್ಲಿ ಮಹಮ್ಮದಸಾಬರ ಅಂಗಡಿಯ ಎದುರಿಗೇ ನಲವತ್ತು ವರ್ಷದಿಂದ ಹೊಲಿಗೆ ಯಂತ್ರ ಇಟ್ಟುಕೊಂಡವರು. ಮೊಹಲ್ಲೆಯಲ್ಲಿ ಯಾರು ಸತ್ತರೂ ಮೈ ತೊಳೆಯಲು ಅವರೇ ಬರಬೇಕು. ಗೆಳೆಯನ ತೋಳನ್ನು ಮೆಲ್ಲಗೆ ಎತ್ತಿ ಕಂಕುಳು ತೊಳೆಯುತ್ತ ಅವರು ಹೇಳಿದರು:

“ಜನಾಜಾ ನಮಾಜಿಗಿಂತ ಮುಂಚೆ ನಾಕ ಮಾತು ಹೇಳಬೇಕಾಗ್ತದ. ನೀನ ಹೇಳಬೇಕು.”

“ನೀವ ಹೇಳಿಬಿಡ್ರಿ ಚಾಚಾ.”

“ಮಗ ಇದ್ದಾಗ ಮಗನ ಹೇಳಬೇಕು. ದೊಡ್ಡ ಭಾಷಣ ಅಲ್ಲ ಅದು. ನಮ್ಮಬ್ಬಾನಿಂದ ಯಾರಿಗಾದ್ರೂ ತ್ರಾಸ ಆಗಿದ್ರ, ಯಾರದಾದ್ರೂ ಮನಸ್ಸು ನೊಂದಿದ್ರ, ಇವತ್ತ ಮಾಫ್ ಮಾಡಿಬಿಡ್ರಿ ಅನ್ನು. ಮಂದಿ ಮಾಫ್ ಅಂತಾರ. ಅಷ್ಟ.”

ಮುಕ್ತಿಯಾರ್ ಮತ್ತೊಂದು ಚೊಂಬು ಮೊಗೆದು ಹಾಕಿದ.

“ಹಂಗ ನೋಡಿದ್ರ ಇಂವ ಯಾರಿಗೆ ಏನ ಅನ್ಯಾಯ ಮಾಡ್ಯಾನ?” ಬಾಬುಸಾಬ್ ಹೆಣದ ಮುಖ ನೋಡುತ್ತ ಮುಂದುವರಿಸಿದರು. “ಗೊರೇಬಾಳದ ಅಮರಗುಂಡಪ್ಪ ಗೌಡ್ರದು ಒಂದು ಬಿಟ್ರ. ಅದೂ ಬೇಕಂತ ಮಾಡಿದ್ದಲ್ಲ. ಆ ಗೌಡ್ರು ಬಂದು ಒಂದ ಮಾತು ಮಾಫ್ ಅಂದುಬಿಟ್ರ, ನನ್ನ ದೋಸ್ತ ಹಗುರಾಗಿ ಹೋಗ್ತಾನ.”

ಚೊಂಬಿನಿಂದ ನೀರು ತಪ್ಪಿ ಹಲಗೆಯ ಅಂಚಿಗೆ ಬಿದ್ದು ಮುಕ್ತಿಯಾರನ ಪಾದದ ಮೇಲೆ ಹರಿಯಿತು. ಅದು ಗೌಡರ ಬೈಕು ಬಿದ್ದು ಅವರ ಮಗಳ ಕಾಲು ಮುರಿದ ವಿಷಯ. ಊರಿಗೆಲ್ಲ ಗೊತ್ತಿದ್ದದ್ದು. ಊರಿಗೆ ಗೊತ್ತಿಲ್ಲದ್ದು ಏನೆಂದರೆ, ಆ ಗಾಡಿಗೆ ಹ್ಯಾಂಡಲ್ ಕೂಡಿಸಿದವನು ಹಲಗೆಯ ಮೇಲೆ ಮಲಗಿದ ಈ ಮನುಷ್ಯನಲ್ಲ, ಚೊಂಬು ಹಿಡಿದು ನಿಂತ ಮಗ.

ಮಧ್ಯಾಹ್ನ ಜೋಹರ್ ನಮಾಜಾದ ಮೇಲೆ, ನೂರಾರು ಮಂದಿಯ ಎದುರು ನಿಂತು, ತಂದೆಯ ಹೆಸರಿನಲ್ಲಿ ಅವನು ಮಾಫಿ ಕೇಳಬೇಕು.

*

ಮನೆಯ ಮುಂದೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು ತುಂಬುತ್ತ ಬಂದಿದ್ದವು. ಎಲ್ಲರೂ ಗಾಡಿಯ ಮೇಲೇ ಬಂದಿದ್ದರು. ಓಣಿಯುದ್ದಕ್ಕೂ ನಿಂತ ಬೈಕುಗಳಲ್ಲಿ ಅರ್ಧಕ್ಕರ್ಧ ಮಹಮ್ಮದಸಾಬರ ಕೈಯಿಂದ ಹಾದುಹೋದವೇ. ಎತ್ತರದ ಹ್ಯಾಂಡಲ್, ಅಗಲದ ಹ್ಯಾಂಡಲ್, ಎಮ್ಮೆಯ ಕೋಡಿನ ಹಾಗೆ ಹಿಂದಕ್ಕೆ ಬಾಗಿದ ಹ್ಯಾಂಡಲ್. ಸಿಂಧನೂರಿನಲ್ಲಿ ಮೆಕ್ಯಾನಿಕ್ಕುಗಳಿಗೆ ಬರವಿಲ್ಲ. ಹ್ಯಾಂಡಲ್ ಬದಲಿಸಬೇಕೆಂದರೆ ಮಾತ್ರ ಲಿಂಗಸುಗೂರಿನಿಂದಲೂ ಇಲ್ಲಿಗೇ ಬರುತ್ತಿದ್ದರು. ಊರಲ್ಲಿ ಅವರ ಹೆಸರೇ ಹ್ಯಾಂಡಲ್ ಮಾಮದಸಾಬ.

ಮುಕ್ತಿಯಾರ್ ಒದ್ದೆ ಬಟ್ಟೆ ಬದಲಿಸಿ ಹೊರಗೆ ಬಂದು ಕೂತ. ಎದುರಿಗೆ ಮಸ್ಕಿಯ ಗಾದಿಲಿಂಗ ಕೂತಿದ್ದ. ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದವನು ಕೊನೆಗೆ ಪಕ್ಕದವನ ಕಡೆ ತಿರುಗಿ ಹೇಳಿದ:

“ನನ್ನ ಗಾಡಿ ಅಂಗಡ್ಯಾಗ ಐತ್ರಿ. ಹ್ಯಾಂಡಲ್ ಇಲ್ಲ ಅದಕ್ಕ. ಹಳೇದು ಬಿಚ್ಚಿದ್ರು, ಹೊಸಾದು ಕೈಯಾಗ ತಗೊಂಡ್ರು, ಎದಿ ಹಿಡಕೊಂಡು ಕುಂತುಬಿಟ್ರು. ನನ್ನ ಕಣ್ಣ ಮುಂದ.”

ಮುಕ್ತಿಯಾರ್ ಎದ್ದುಬಿಟ್ಟ. “ಅಣ್ಣಾ, ನಾ ಯಾರನ್ನಾದ್ರೂ ಕಳಿಸಿ ಕೂಡಿಸಿಕೊಡ್ತೀನಿ.”

“ಕುಂದ್ರು ಮಾರಾಯ. ಯಾರಿಗೈತಿ ಅವಸರ? ನಾ ಬಸ್ಸಿಗೆ ಹೋಗ್ತೀನಿ. ಅವರು ಬಿಚ್ಚಿಟ್ಟದ್ದು, ನಾಕ ದಿನ ಹಂಗ ಇರ್ಲಿ.”

ಪಕ್ಕದವನು ಬೀಜ ಗೊಬ್ಬರದ ಅಂಗಡಿಯ ಶಿವಕಾಂತ. ಮಹಮ್ಮದಸಾಬರ ಅಂಗಡಿಗೂ ಅವನದಕ್ಕೂ ಒಂದೇ ಗೋಡೆ. ಅವನು ಚಹಾದ ಲೋಟ ಕೆಳಗಿಟ್ಟ.

“ನಿನಗೂ ಕಣ್ಣು ಮುಚ್ಚಿಸಿದ್ರೇನು?”

“ಮುಚ್ಚಿಸದ ಬಿಡ್ತಾರೇನ್ರಿ? ಗಾಡಿ ಸ್ಟ್ಯಾಂಡ್ ಹಾಕಿ ಮ್ಯಾಲ ಕುಂದರಿಸಿದ್ರು. ಕಣ್ಣು ಮುಚ್ಚು, ದಿನಾ ಹೆಂಗ ಕುಂದರತಿ ಹಂಗ ಕುಂದ್ರು, ಈಗ ಎರಡೂ ಕೈ ಚಾಚು ಅಂದ್ರು. ನನ್ನ ಕೈ ಎಲ್ಲಿ ನಿಂತ್ವು, ಅಲ್ಲಿಗೆ ಸರಿಯಾಗಿ ಒಂದು ದಾರ ಹಿಡಿದು ಅಳತಿ ತಗೊಂಡ್ರು.”

“ಆಮ್ಯಾಲ ಹ್ಯಾಂಡಲ್ ಬೆನ್ನಿಗೋ, ಮಂದಿ ನೋಡಾಕೋ ಅಂತ ಕೇಳಿರಬೇಕು.”

“ಕೇಳಿದ್ರು. ಬೆನ್ನಿಗಪಾ, ಹಾಲಿನ ಕ್ಯಾನ್ ಹೇರಾಂವ ನಾನು, ಮಂದಿ ಕಟಗೊಂಡು ಏನ ಮಾಡ್ಲಿ ಅಂದೆ. ನಕ್ರು.” ಗಾದಿಲಿಂಗನ ದನಿ ಇಳಿಯಿತು. “ಅದ ಕಡೀ ನಗು.”

ಶಿವಕಾಂತ ತಲೆದೂಗಿದ. “ನಾ ಬುಲೆಟ್ ತಗೊಂಡಾಗ ಮಂದಿಗೆ ಬೇಕಂತ ಹೇಳಿದ್ದೆ. ಸೀದಾ ಇರೋದು, ಕೆಳಗ ಇರೋದು, ಬಗ್ಗಿ ಹೊಡಿಯೋದು. ಒಂದ ಮಾತೂ ಬ್ಯಾಡ ಅನ್ನಲಿಲ್ಲ. ಚಂದ ಕೂಡಿಸಿಕೊಟ್ಟ. ಮೂರು ತಿಂಗಳಿಗೆ ಕುತಿಗಿ ಹಿಡಕೊಂಡು ವಾಪಸ್ ಹೋದೆ. ನನ್ನ ಹಳೇ ಹ್ಯಾಂಡಲ್ ಗೋಣಿಚೀಲದಾಗ ಸುತ್ತಿ, ಸುಣ್ಣದಾಗ ನನ್ನ ಹೆಸರು ಬರೆದು, ಮ್ಯಾಲ ಇಟ್ಟಿದ್ದ. ನೀ ಬರ್ತಿ ಅಂತ ಗೊತ್ತಿತ್ತು ಅಂದ. ಆಡಿಕೊಳ್ಳಲಿಲ್ಲ, ಏನಿಲ್ಲ.”

ಸುತ್ತ ಕೂತವರು ಸಣ್ಣಗೆ ನಕ್ಕರು, ಸಾವಿನ ಮನೆ ಎಂದು ನೆನಪಾಗಿ ನಿಲ್ಲಿಸಿದರು. ಹಿಂದಿನ ಸಾಲಿನಿಂದ ಯಾರೋ ಅಂದರು: “ಅಷ್ಟ ಶಾಣ್ಯಾ ಮನುಷ್ಯಾ, ಗೌಡ್ರ ಗಾಡಿಗೆ ಹೆಂಗ ಯಾಮಾರಿದ್ನೋ?”

“ಕೈ ಒಮ್ಮೆ ತಪ್ಪತೈತಿ” ಎಂದ ಶಿವಕಾಂತ. “ಅದಾದ ಮ್ಯಾಲ ಅರ್ಧ ಗಿರಾಕಿ ಕಡಿಮಿ ಆದ್ವು. ನನ್ನ ಅಂಗಡ್ಯಾಗ ಕುಂತು ಎಣಿಸಿದಂಗ ನೋಡೀನಿ. ಊರ ಬಾಯಿಗೆ ಮುಚ್ಚಳ ಹಾಕಾಕ ಬರ್ತೈತೇನು? ಒಂದ ದಿನಾ ಅಂವ ಅದಲ್ಲ ಇದು ಅಂತ ಜವಾಬು ಕೊಡಲಿಲ್ಲ.”

ಮುಕ್ತಿಯಾರ್ ನೆಲ ನೋಡುತ್ತ ಕೂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿರುತ್ತಾರೆ. ಇವನು ಹನ್ನೊಂದು ವರ್ಷ ಹೆಗಲು ಮುಟ್ಟಿಕೊಳ್ಳದ ಹಾಗೆ ಕೈ ಬಿಗಿ ಹಿಡಿದು ಬದುಕಿದ್ದ. ಆ ಬಿಗಿಯಿಂದಲೇ ಈಗ ಮೈಯೆಲ್ಲ ನೋಯುತ್ತಿತ್ತು.

*

ಅಮರಗುಂಡಪ್ಪ ಗೌಡರು ಬರೀ ಗಿರಾಕಿಯಲ್ಲ. ಮೊದಲ ಗಾಡಿ ಕೊಂಡ ಕಾಲದಿಂದ ಮಹಮ್ಮದಸಾಬರ ಗೆಳೆಯ. ಗೊರೇಬಾಳದಿಂದ ಪೇಟೆಗೆ ಬಂದರೆ ಅಂಗಡಿಯ ಮುಂದಿನ ಮುರುಕು ಸೀಟಿನ ಮೇಲೆ ಒಂದು ತಾಸು ಕೂರದೆ ಹೋಗುತ್ತಿರಲಿಲ್ಲ. ಯುಗಾದಿಗೆ ಆ ಮನೆಯಿಂದ ಹೋಳಿಗೆ, ರಮ್ಜಾನಿಗೆ ಈ ಮನೆಯಿಂದ ಸುರಕುಂಬಾ ಪಾಯಸ.

ಹನ್ನೊಂದು ವರ್ಷದ ಹಿಂದಿನ ಆ ದಿನ ಗೌಡರು ಬೆನ್ನುನೋವು ಎಂದು ಬಂದಿದ್ದರು. ಒಂಬತ್ತು ವರ್ಷದ ಮಗಳು ಅಶ್ವಿನಿ ಜೊತೆಗಿದ್ದಳು. ಹೊಸ ಪಾಟಿಚೀಲ ಕೊಂಡಿದ್ದಳು, ಅದನ್ನು ಬೆನ್ನಿಗೆ ಹಾಕಿಕೊಂಡೇ ಓಡಾಡುತ್ತಿದ್ದಳು. ಮಹಮ್ಮದಸಾಬರು ಗೌಡರ ಕಣ್ಣು ಮುಚ್ಚಿಸಿ, ಕೈ ಚಾಚಿಸಿ, ಒಂದು ಗೇಣು ಎತ್ತರದ ಹ್ಯಾಂಡಲ್ ಆರಿಸಿದರು. ಇನ್ನು ಅವರೇ ಕೂಡಿಸುತ್ತಾರೆಂದುಕೊಂಡು ಗೌಡರು ಮಗಳ ಜೊತೆ ಪೇಟೆಯೊಳಗೆ ಹೋದರು. ಅಷ್ಟರಲ್ಲಿ ಅಸರ್ ನಮಾಜಿನ ಕೂಗು ಕೇಳಿತು.

“ಇದಕ್ಕ ಹಳೇ ವೈರು ಎಟಕಾಂಗಿಲ್ಲ. ಎಕ್ಸಲೇಟರಿಗೆ ಉದ್ದನ ವೈರು ಹಾಕು” ಎಂದು ಮಸೀದಿಗೆ ಹೊರಡುತ್ತ ಮಗನಿಗೆ ಹೇಳಿದರು. “ಹಾಕಿದ ಮ್ಯಾಲ ಗಾಡಿ ಚಾಲೂ ಮಾಡಿ, ಹ್ಯಾಂಡಲ್ ಪೂರಾ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿ ಕೇಳು. ಅವಾಜ್ ಏರಬಾರದು.”

ಎಷ್ಟು ಸಾವಿರ ಸಲ ಹೇಳಿದ ಮಾತೋ ಅದು. ಮುಕ್ತಿಯಾರನಿಗೆ ಆಗ ಇಪ್ಪತ್ತಾರು. ಅದೇ ಸಂಜೆ ಲಿಂಗಸುಗೂರಿನಿಂದ, ಈಗ ಅವನ ಹೆಂಡತಿಯಾದ ಮುಸರತಳ ಮನೆಯವರು ಅವನನ್ನು ನೋಡಲು ಬರುವವರಿದ್ದರು. ಉದ್ದನೆಯ ವೈರು ಅಂಗಡಿಯಲ್ಲಿರಲಿಲ್ಲ, ಬಸ್‌ಸ್ಟ್ಯಾಂಡಿನ ತನಕ ಹೋಗಿ ತರಬೇಕು. ಹಳೆಯದನ್ನೇ ಟ್ಯಾಂಕಿನ ಕೆಳಗಿನಿಂದ ಎಳೆದು ನೋಡಿದ. ಹ್ಯಾಂಡಲ್ ನೇರ ಇದ್ದಾಗ ಎಟಕಿತು. ಚಾಲೂ ಮಾಡಿದ, ಶಬ್ದ ಚೆನ್ನಾಗಿ ಬಂತು. ಎಡಕ್ಕೂ ತಿರುವಲಿಲ್ಲ, ಬಲಕ್ಕೂ ತಿರುವಲಿಲ್ಲ.

“ಆತೇನಪಾ?” ಎಂದು ಪೇಟೆಯಿಂದ ಮರಳಿದ ಗೌಡರು ಕೇಳಿದರು.

“ಆತು ಕಾಕಾ. ಅರಾಮ ಹೋಗ್ರಿ.”

ನೇರ ರಸ್ತೆಯಲ್ಲಿ ಗಾಡಿ ಅರಾಮವಾಗಿಯೇ ಹೋಯಿತು. ಕಾಲುವೆಯ ಸೇತುವೆ ದಾಟಿ ಊರಿಗೆ ಹೊರಳುವಲ್ಲಿ ಗೌಡರು ಹ್ಯಾಂಡಲ್ ಪೂರಾ ತಿರುವಿದರು. ಗಿಡ್ಡ ವೈರು ಬಿಗಿದು ಎಕ್ಸಲೇಟರನ್ನು ತಾನೇ ಎಳೆಯಿತು. ಅವರು ಬ್ರೇಕು ಹುಡುಕುವಷ್ಟರಲ್ಲಿ ಗಾಡಿ ಹಾರಿ ಕಾಲುವೆಯ ದಂಡೆಯ ಕಲ್ಲಿಗೆ ಬಿತ್ತು. ಅಶ್ವಿನಿಯ ಎಡಗಾಲು ಅದರ ಕೆಳಗೆ ಸಿಕ್ಕಿತು.

ಸುದ್ದಿ ಮುಟ್ಟಿದಾಗ ಮುಕ್ತಿಯಾರ್ ಸ್ನಾನ ಮಾಡಿ, ಅತ್ತರು ಹಚ್ಚಿಕೊಂಡು, ಬೀಗರ ಮುಂದೆ ಕೂತಿದ್ದ. ಅಪ್ಪ ಮಗ ಮೊದಲು ಕಾಲುವೆಯ ಹತ್ತಿರ ಹೋದರು. ಮಹಮ್ಮದಸಾಬರು ಬಿದ್ದ ಗಾಡಿಯನ್ನು ಎತ್ತಿ ನಿಲ್ಲಿಸಿ ಹ್ಯಾಂಡಲ್ ತಿರುವಿದರು. ವೈರು ಬಿಗಿಯಿತು. ಮಗನ ಮುಖ ನೋಡಿದರು. ಆಸ್ಪತ್ರೆಯ ದಾರಿ ಹಿಡಿದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಗೌಡರು ಹರಿದ ಅಂಗಿಯಲ್ಲೇ ನಿಂತಿದ್ದರು. ಮಹಮ್ಮದಸಾಬರು ಅವರ ಮುಂದೆ ಹೋಗಿ ಕೈ ಜೋಡಿಸಿದರು.

“ಹ್ಯಾಂಡಲ್ ಕೂಡಿಸಿದಾಂವ ನಾನ ಗೌಡ್ರ. ವೈರು ಗಿಡ್ಡ ಆತು. ತಪ್ಪು ನಂದು.”

ಮುಕ್ತಿಯಾರ್ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಅತ್ತರಿನ ವಾಸನೆ ಅವನಿಗೇ ಹೇಸಿಗೆ ತರಿಸುತ್ತಿತ್ತು. ಬಾಯಿ ಬಿಡಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ತಂದೆ ಒಮ್ಮೆ ಮಾತ್ರ ಹೇಳಿದರು: “ನಿನ್ನ ಲಗ್ನ ಕೂಡೇತಿ. ಮಂದಿ ಮುಂದ ಇದನ್ನ ತಗೀಬ್ಯಾಡ. ನನ್ನ ಹೆಸರಿಗೆ ಮುಪ್ಪು ಬಂದೈತಿ, ಕೆಟ್ರ ಎಷ್ಟ ಕೆಟ್ಟೀತು.”

ಮತ್ತೆಂದೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮುಕ್ತಿಯಾರನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಅವನು ಪಂಕ್ಚರು, ಸೀಟ್ ಕವರು, ಆಯಿಲ್ ಬದಲಿಸುವುದು ಎಂದು ಅಂಗಡಿಯ ಇನ್ನೊಂದು ಮೂಲೆಗೆ ಸರಿದ. ಹ್ಯಾಂಡಲ್ ಮುಟ್ಟಲಿಲ್ಲ.

*

ಹನ್ನೊಂದು ಗಂಟೆಗೆ ಲಿಂಗಸುಗೂರಿನಿಂದ ಫುಪ್ಪು ಕರೀಮಾಬಿ ಬಂದಳು. ಮಹಮ್ಮದಸಾಬರ ತಂಗಿ. ಬಾಗಿಲಲ್ಲೇ ಎದೆ ಬಡಿದುಕೊಂಡು ಅತ್ತಳು, ಅಣ್ಣನ ಮುಖ ನೋಡಿ ಅತ್ತಳು, ನಂತರ ನೀರು ಕುಡಿದು, ಬಸ್ಸಿನಲ್ಲಿ ಸೀಟು ಸಿಗದ ಕತೆ ಹೇಳಿದಳು. ಹೆಂಗಸರೆಲ್ಲ ಅವಳ ಸುತ್ತ ಸೇರಿದಾಗ ಒಳಕೋಣೆಯಲ್ಲಿ ಮಹಮ್ಮದಸಾಬರ ಹೆಂಡತಿ ಮಕ್ತುಂಬೀ ಒಬ್ಬಳೇ ಉಳಿದಳು.

ಮುಕ್ತಿಯಾರ್ ತಾಯಿಯ ಪಕ್ಕ ಹೋಗಿ ಕೂತ. ಈ ಮನೆಯ ಮಾತು ದಖನಿ ಉರ್ದು. ಆದರೆ ಸಾಲಗುಂದದ ಹೊಲಗಳ ನಡುವೆ ಬೆಳೆದ ಮಕ್ತುಂಬೀಗೆ ದಣಿದಾಗ ಕನ್ನಡವೇ ಬಾಯಿಗೆ ಬರುತ್ತಿತ್ತು.

“ಗೌಡ್ರು ಬರಾಕತ್ಯಾರಂತ. ಅವರ ಮಗಳು ಮುಸರತಗ ಫೋನ್ ಮಾಡಿದ್ಳು” ಎಂದಳು.

“ಹ್ಞೂಂ.”

“ಉಂಡಿಯೇನು ಏನಾದ್ರೂ?”

“ಚಾ ಕುಡಿದೀನಿ.”

ಬಾಗಿಲ ಸಂದಿಯಿಂದ ಮುಕ್ತಿಯಾರನ ಮಗಳು ಅತೀಯಾ ಇಣುಕಿದಳು, ಅಪ್ಪನ ಮುಖ ನೋಡಿ ಹೋದಳು. ಅವಳಿಗೂ ಈಗ ಒಂಬತ್ತು. ಈ ವರ್ಷವಿಡೀ ಅವಳು ಓಡುವುದನ್ನು ನೋಡಿದಾಗಲೆಲ್ಲ ಮುಕ್ತಿಯಾರನ ಕಣ್ಣು ಅವಳ ಕಾಲಿನ ಕಡೆಗೇ ಹೋಗುತ್ತಿತ್ತು.

“ಅಮ್ಮಾ, ಅಬ್ಬಾನ ಹೆಸರು ಹೇಳಿ ಹೆಂಗ ಮಾಫಿ ಕೇಳಲಿ ನಾನು?”

ಮಕ್ತುಂಬೀ ಮಗನ ಕಡೆ ತಿರುಗಲಿಲ್ಲ. “ನನಗ್ಯಾಕ ಕೇಳ್ತಿ? ಹೇಳಬ್ಯಾಡ ಅಂದವರು ಹೋದ್ರು.”

“ಹೇಳಿದ್ರ ಮುಸರತ ಏನಂದುಕೊಳ್ಳತಾಳ? ಮಂದಿ?”

“ಮಂದಿ ಹನ್ನೊಂದ ವರ್ಷ ನನ್ನ ಗಂಡಗ ಅಂದ್ರಲ್ಲ, ಆವಾಗ ನಾ ಕೇಳಿಸಿಕೊಂಡಿಲ್ಲೇನು?” ಅವಳ ದನಿ ಏರಲಿಲ್ಲ. “ಅವರು ನಿನ್ನ ಸಲುವಾಗಿ ಸುಮ್ಮನಿದ್ರು, ನಾ ಅವರ ಸಲುವಾಗಿ ಸುಮ್ಮನಿದ್ದೆ. ನನಗ ಸಾಕಾಗೈತಿ ಬೇಟಾ. ಅವರು ಹೊತ್ತದ್ದನ್ನ ಇಳಿಸಿಕೊಳ್ತಿಯೋ, ಅವರ ಜೋಡಿನ ಮಣ್ಣಾಗ ಇಡ್ತಿಯೋ, ನೀನ ನೋಡು. ಇನ್ನ ಮ್ಯಾಲ ನನ್ನ ಕಡೆ ನೋಡಬ್ಯಾಡ.”

ಹೊರಗಿನಿಂದ ಬಾಬುಸಾಬ್ ಕರೆದರು. ಹೊತ್ತಾಗಿತ್ತು.

*

ಕಬರಸ್ತಾನದ ಬಾಗಿಲ ಹೊರಗೆ ಒಂದು ಸ್ಕೂಟಿ ನಿಂತಿತ್ತು. ಪಕ್ಕದಲ್ಲಿ ಅಶ್ವಿನಿ. ಇಪ್ಪತ್ತು ವರ್ಷದ ಹುಡುಗಿ, ಕಾಲೇಜಿಗೆ ಹೋಗುತ್ತಾಳೆ. ತಂದೆಯನ್ನು ಹಿಂದೆ ಕೂರಿಸಿಕೊಂಡು ತಾನೇ ಓಡಿಸಿಕೊಂಡು ಬಂದಿದ್ದಳು. ಜನಾಜಾದ ಮಂಚ ಹೊತ್ತವರು ಹಾದುಹೋಗುವಾಗ ದಾರಿ ಬಿಡಲು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಳು. ಆ ನಾಲ್ಕು ಹೆಜ್ಜೆಯಲ್ಲೇ ಅವಳ ಕುಂಟು ಕಂಡಿತು. ಮುಕ್ತಿಯಾರ್ ಮುಂದಿನ ಬಲಗಡೆ ಹೆಗಲು ಕೊಟ್ಟಿದ್ದ. ನೋಡಬಾರದೆಂದುಕೊಂಡು ನೋಡಿದ.

ಒಳಗೆ ಬಯಲಿನಲ್ಲಿ ಜನಾಜಾ ಇಳಿಸಿದರು. ನಮಾಜಿಗೆ ಸಾಲುಗಳು ನಿಂತವು. ಹಿಂದೂಗಳು, ಪೇಟೆಯ ಅಂಗಡಿಯವರು, ಸುತ್ತಲಿನ ಊರಿನ ರೈತರು ಬೇವಿನ ಮರದ ಕೆಳಗೆ ಒಂದು ಗುಂಪಾಗಿ ನಿಂತರು. ಅವರ ಮುಂದೆ ಅಮರಗುಂಡಪ್ಪ ಗೌಡರು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟವೆಲು. ವಯಸ್ಸಾಗಿತ್ತು.

ಬಾಬುಸಾಬ್ ಮುಕ್ತಿಯಾರನ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದರು.

“ಎಲ್ಲಾರಿಗೂ ಸಲಾಂ” ಎಂದ ಮುಕ್ತಿಯಾರ್. “ನಮ್ಮಬ್ಬಾನ ಕಡಿಂದ ಯಾರಿಗಾದ್ರೂ ತ್ರಾಸ ಆಗಿದ್ರ, ಹೆಚ್ಚು ಕಡಿಮಿ ಮಾತು ಬಂದಿದ್ರ, ದಯಮಾಡಿ ಇವತ್ತ…”

“ಮಾಫ್, ಮಾಫ್” ಎಂದು ಸಾಲುಗಳಿಂದ ದನಿಗಳೆದ್ದವು.

ಅವು ಅಡಗಿದ ಮೇಲೆ ಬೇವಿನ ಮರದ ಕೆಳಗಿನಿಂದ ಇನ್ನೊಂದು ದನಿ ಬಂತು. ಗೌಡರದು.

“ನಂದೂ ಮಾಫ್ ಐತಿ. ಹನ್ನೊಂದು ವರ್ಷ ಮನಸಿನಾಗ ಹಿಡಕೊಂಡಿದ್ದೆ. ಹೋದ ಮನುಷ್ಯಾನ ಜೋಡಿ ಎಂಥಾ ಸಿಟ್ಟು? ಬಿಟ್ಟುಬಿಟ್ಟೀನಿ.”

ಬಾಬುಸಾಬ್ ಕಣ್ಣೊರೆಸಿಕೊಂಡರು. ಶಿವಕಾಂತ ಗೌಡರ ತೋಳು ಮುಟ್ಟಿದ. ಎಲ್ಲ ಸುಸೂತ್ರವಾಗಿ ಮುಗಿದಿತ್ತು. ಮುಕ್ತಿಯಾರ್ ಇನ್ನು ಸಾಲಿಗೆ ಹೋಗಿ ನಿಂತರೆ ಸಾಕಿತ್ತು. ಮೊದಲು ಅವನಿಗಾದದ್ದು ಸಮಾಧಾನವೇ. ಕಾಲಿನ ತನಕ ಇಳಿದ ಸಮಾಧಾನ. ಆಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಯಿತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಆ ಮನುಷ್ಯ ತಾನು ಮಾಡದ ತಪ್ಪಿಗೆ ಕ್ಷಮೆ ಪಡೆದು ಮಣ್ಣಿಗೆ ಹೋಗಲಿದ್ದ.

“ಕಾಕಾ” ಎಂದ. ಮತ್ತೆ ದೊಡ್ಡ ದನಿಯಲ್ಲಿ, “ಕಾಕಾ, ಆ ಮಾಫಿ ಅಬ್ಬಾಗ ಹೋಗಬಾರದು. ನಿಮ್ಮ ಗಾಡಿಗೆ ಹ್ಯಾಂಡಲ್ ಕೂಡಿಸಿದಾಂವ ನಾನು. ಉದ್ದನ ವೈರು ಹಾಕು ಅಂದಿದ್ರು, ನಾ ಹಾಕಲಿಲ್ಲ. ತಿರುವಿ ನೋಡು ಅಂದಿದ್ರು, ನೋಡಲಿಲ್ಲ. ಮನಿಗೆ ಬೀಗರು ಬರಾಕತ್ತಿದ್ರು, ಅವಸರ ಮಾಡಿದೆ. ಅವರು ನಮಾಜಿಗೆ ಹೋಗಿದ್ರು. ನನ್ನ ತಪ್ಪು ಅವರು ಹೊತ್ತಕೊಂಡ್ರು. ನಾ ಹೊರಿಸಿ ಸುಮ್ಮನಿದ್ದೆ.”

ಕೊನೆಯ ಸಾಲಿನಲ್ಲಿ ಯಾರದೋ ಫೋನು ರಿಂಗಾಗಿ ನಿಂತಿತು. ಗೌಡರು ಮುಕ್ತಿಯಾರನನ್ನೇ ನೋಡುತ್ತಿದ್ದರು. ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಏನೂ ಕಾಣಲಿಲ್ಲ. ಬಾಯಿ ಒಂದಿಷ್ಟು ತೆರೆದಿತ್ತು.

ಇಮಾಮರು ಒಂದು ಕ್ಷಣ ಕಾದು, ಗಂಟಲು ಸರಿಮಾಡಿಕೊಂಡು, ನಮಾಜು ಶುರು ಮಾಡಿದರು.

*

ಮಹಮ್ಮದಸಾಬರನ್ನು ಗೋರಿಗೆ ಇಳಿಸಿದರು. ಒಬ್ಬೊಬ್ಬರಾಗಿ ಬಂದು ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಗಾದಿಲಿಂಗ ಕೊಟ್ಟ, ಶಿವಕಾಂತ ಕೊಟ್ಟ. ಶಿವಕಾಂತ ಮುಕ್ತಿಯಾರನ ಮುಖ ನೋಡದೆ ಪಕ್ಕದಿಂದ ಹಾದುಹೋದ. ಸಂಜೆಯೊಳಗೆ ಇದು ಪೇಟೆಗೆಲ್ಲ ಗೊತ್ತಾಗುತ್ತದೆ, ಅದಕ್ಕೂ ಮೊದಲು ಮುಸರತಳಿಗೆ ಗೊತ್ತಾಗುತ್ತದೆ. ಆಗಲಿ ಎಂದುಕೊಂಡ ಮುಕ್ತಿಯಾರ್. ಹೆದರುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ಗೌಡರು ಕಡೆಗೆ ಬಂದರು. ಮಣ್ಣು ಕೊಟ್ಟರು. ಕೈ ಝಾಡಿಸಿಕೊಳ್ಳಲಿಲ್ಲ. ಮುಕ್ತಿಯಾರನ ಎದುರಿಗೆ ಬಂದು ನಿಂತರು.

“ಖರೇನ ಹೇಳಿದಿಯೇನು?”

“ಖರೇನ ಕಾಕಾ. ಅಶ್ವಿನಿ ಕಾಲಿಂದು ನಾ ಏನ ಮಾಡಿದ್ರೂ…”

“ಕಾಲಿಂದು ಬಿಡು” ಎಂದರು ಗೌಡರು. “ಕಾಲು ಮುರದಿತ್ತು, ಕೂಡೇತಿ. ಅಕಿ ಗಾಡಿ ಹೊಡಿತಾಳ, ಕಾಲೇಜಿಗೆ ಹೋಗ್ತಾಳ. ಅಕಿನ ನನಗ ಬೈತಿದ್ಳು, ಆ ಅಜ್ಜನ ಜೋಡಿ ಮಾತಾಡಪ್ಪ ಅಂತ. ಅದನ್ನ ಈಗಷ್ಟ ಎಲ್ಲಾರ ಮುಂದ ಬಿಟ್ಟೀನಿ.”

ಅವರು ತಾಜಾ ಮಣ್ಣಿನ ಕಡೆ ನೋಡಿದರು.

“ಗೊಬ್ಬರ ಒಯ್ಯಾಕ ಶಿವಕಾಂತನ ಅಂಗಡಿಗೆ ಬರ್ತಿದ್ದೆ ನಾನು. ಬಾಜೂಕ ಇಂವ. ನನ್ನ ನೋಡಿದ ಕೂಡ್ಲೆ ಒಳಗಿನಿಂದ ಚಾ ತಗೊಂಡು ಬರ್ತಿದ್ದ. ತಾನ, ಕೈಯಾಗ ಹಿಡಕೊಂಡು. ನನ್ನ ಮುಂದ ನಿಂದರತಿದ್ದ. ನಾ ಮುಖ ತಿರುವತಿದ್ದೆ. ಆರಿ ತಣ್ಣಗಾಗುತನಕ ನಿಂತು, ಒಳಗ ಹೋಗ್ತಿದ್ದ. ಮುಂದಿನ ಸಲ ಮತ್ತ ತರ್ತಿದ್ದ. ಎಷ್ಟ ಸಲ ಅಂತೀ? ಹನ್ನೊಂದು ವರ್ಷ. ತಪ್ಪು ಮಾಡಿದಾಂವಂತ ತಿಳಕೊಂಡು ನಾ ಒಂದು ಗುಟುಕು ಕುಡಿಲಿಲ್ಲಲ್ಲೋ.”

ಮುಕ್ತಿಯಾರನಿಗೆ ಇದು ಗೊತ್ತಿರಲಿಲ್ಲ. ಅಂಗಡಿಯ ಇನ್ನೊಂದು ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು ಪಂಕ್ಚರು ಹಾಕುತ್ತಿದ್ದವನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

“ಕಾಲಿಂದು ಮಾಫ್” ಎಂದರು ಗೌಡರು. “ಇದು ಮಾತ್ರ ನನ್ನ ಕೈಲೆ ಆಗಾಂಗಿಲ್ಲಪಾ. ನನ್ನ ದೋಸ್ತನ ಜೋಡಿ ಕುಂದರೋ ಹನ್ನೊಂದು ವರ್ಷ ತಿಂದಿ ನೀನು. ನಡಿ. ನೀ ನಡಿ ಇಲ್ಲಿಂದ.”

ಮುಕ್ತಿಯಾರನಿಗೆ ಆಗ ಅಳು ಬಂತು. ನಿನ್ನೆ ಸಂಜೆಯಿಂದ ಬಾರದೆ ನಿಂತದ್ದೆಲ್ಲ ಒಟ್ಟಿಗೇ ಬಂತು. ಬಾಬುಸಾಬ್ ಬಂದು ಅವನ ತೋಳು ಹಿಡಿದು ಜನರ ಜೊತೆ ನಡೆಸಿಕೊಂಡು ಹೋದರು.

ಮಣ್ಣು ಮಾಡಿದವರು ಗೋರಿಯಿಂದ ನಲವತ್ತು ಹೆಜ್ಜೆ ನಡೆದು, ತಿರುಗಿ ನಿಂತು, ಇನ್ನೊಮ್ಮೆ ದುವಾ ಮಾಡುವುದು ಇಲ್ಲಿಯ ರೂಢಿ. ಕಡೆಯ ಮನುಷ್ಯನೂ ಅಷ್ಟು ದೂರ ಹೋದ ಮೇಲೆ ಫರಿಸ್ತೆಗಳೆಂಬ ದೇವದೂತರು ಬಂದು ಒಳಗಿರುವವನಿಗೆ ಸವಾಲು ಕೇಳುತ್ತಾರೆ ಎಂದು ಹಿರಿಯರ ನಂಬಿಕೆ. ಬಾಬುಸಾಬ್ ಬಾಯಲ್ಲೇ ಹೆಜ್ಜೆ ಎಣಿಸಿ ನಿಂತರು. ಎಲ್ಲರೂ ನಿಂತು ತಿರುಗಿದರು.

ಅಮರಗುಂಡಪ್ಪ ಗೌಡರು ಬಂದಿರಲಿಲ್ಲ. ಗೋರಿಯ ಪಕ್ಕ, ಮಣ್ಣಿನ ಮೇಲೆಯೇ, ಬೆನ್ನುನೋವಿನ ಮನುಷ್ಯ ಕಾಲು ಮಡಚಿ ಕೂತುಬಿಟ್ಟಿದ್ದರು. ಏನೋ ಮಾತಾಡುತ್ತಿದ್ದರು.

“ಆ ಗೌಡ್ರಿಗೆ ಗೊತ್ತಿಲ್ಲ ಕಾಣಸ್ತದ” ಎಂದರು ಬಾಬುಸಾಬ್. “ಕರೀರಿ ಯಾರಾದ್ರೂ. ಅವರು ಅಲ್ಲಿದ್ರ ಫರಿಸ್ತೆಗಳು ಬರಾಂಗಿಲ್ಲ, ಮುಂದಿಂದು ನಡೆಯಾಂಗಿಲ್ಲ.”

“ಇರ್ಲಿ ಚಾಚಾ” ಎಂದ ಮುಕ್ತಿಯಾರ್.

ಬಾಬುಸಾಬ್ ಎತ್ತಿದ ಕೈ ಇಳಿಸಿದರು. ಬಿಸಿಲು ಸುಡುತ್ತಿತ್ತು. ನಲವತ್ತು ಹೆಜ್ಜೆ ದೂರದಲ್ಲಿ ಅಷ್ಟೂ ಮಂದಿ ದುವಾಕ್ಕೆ ಕೈ ಎತ್ತದೆ ಕಾಯುತ್ತ ನಿಂತರು. ಗೌಡರು ಒಂದಿಷ್ಟು ಮಾತಾಡಿ, ನಿಲ್ಲಿಸಿ, ಅತ್ತಲಿಂದ ಜವಾಬು ಬರಲೆಂದು ಕಾದು, ತಲೆಯಾಡಿಸಿ, ಮತ್ತೆ ಶುರು ಮಾಡುತ್ತಿದ್ದರು.